ಮೊದಲು ಕಾಲು, ಬಾಯಿ ಕೊನೆಗೆ

ನಮ್ಮ ಮುನ್ನಿ ಇವತ್ತು ಸ್ಕೂಲಿನಲ್ಲಿ ಮಾತಾಡಿದಳು. ಒಂದು ಸಲ ಅಲ್ಲ, ಎರಡು ಸಲ. ದೊಡ್ಡ ಮೇಜಿನ ಸುತ್ತ ಕೂತಿದ್ದ ಅಷ್ಟೂ ದೊಡ್ಡವರ ಎದುರು ಎದ್ದು ನಿಂತು, ಮೂಲೆ ಕುರ್ಚಿಯಲ್ಲಿದ್ದ ನನ್ನ ಮಂದ ಕಿವಿಗೂ ಕೇಳುವಂತೆ ಮಾತಾಡಿದಳು.

ಇದನ್ನು ಮೊದಲು ಹೇಳಿಬಿಡಬೇಕು, ಮಿಕ್ಕದ್ದೆಲ್ಲ ಆಮೇಲೆ. ಹೇಳದಿದ್ದರೆ ನನ್ನ ಎದೆ ತಡೆಯುವುದಿಲ್ಲ. ಮುನ್ನಿ ನನ್ನ ಮಗಳ ಮಗಳು, ಎಂಟು ವರ್ಷದ ಕೂಸು. ಒಂದೂ ಮುಕ್ಕಾಲು ವರ್ಷದಿಂದ ಸ್ಕೂಲಿನ ಬಾಗಿಲು ದಾಟಿದ ಮೇಲೆ ಅವಳ ಬಾಯಿಂದ ಒಂದಕ್ಷರ ಬಂದದ್ದಿಲ್ಲ. ಇವತ್ತು ಬಂತು. ಮನೆಗೆ ಬಂದವಳೇ ಎರಡು ರಕಾತ್ ನಮಾಜು ಮಾಡಿ ದೇವರಿಗೆ ಶುಕ್ರ್ ಹೇಳಿದೆ, ಬಿರಿಯಾನಿಗೆ ಅಕ್ಕಿ ನೆನೆಹಾಕಿದೆ, ಆಮೇಲೆ ಮೆಟ್ಟಿಲಿಳಿದು ಕೆಳಗಿನ ಮನೆಯ ಬಾಗಿಲ ತನಕ ಹೋದೆ. ಕೈ ಎತ್ತಿದ್ದೆ, ತಟ್ಟಲಿಲ್ಲ. ಈ ಸುದ್ದಿಯನ್ನು ಯಾರಿಗೆ ಮೊದಲು ಹೇಳಬೇಕಿತ್ತೋ ಅವರು ಆ ಮನೆಯಲ್ಲಿ ಇಲ್ಲ ಎನ್ನುವುದನ್ನು ನನ್ನ ಕಾಲುಗಳು ಮರೆತಿದ್ದವು. ಮಾರ್ಚ್ ತಿಂಗಳಲ್ಲೇ ಹೋಗಿಬಿಟ್ಟರು. ಈಗ ಅಲ್ಲಿ ಬೇರೆ ಯಾರೋ ಇದ್ದಾರೆ, ಬಾಗಿಲ ಮುಂದೆ ಸೈಕಲ್ ನಿಲ್ಲಿಸಿದ್ದಾರೆ.

ಅದಕ್ಕೇ ಬರೆಯುತ್ತಿದ್ದೇನೆ. ನಾನು ಚನ್ನಪಟ್ಟಣದ ಕನ್ನಡ ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸಿನ ತನಕ ಓದಿದವಳು. ಆಮೇಲೆ ಅಬ್ಬಾಜಾನ್ ಬೊಂಬೆ ಕೆಲಸಕ್ಕೆ ಕೂರಿಸಿದರು. ಅರಗಿನ ಬಣ್ಣ ಹಚ್ಚಿದ ಮರದ ಬೊಂಬೆಗಳಿಗೆ ಕಣ್ಣು, ಹುಬ್ಬು, ಬಾಯಿ ಬರೆಯುವುದು ನನ್ನ ಪಾಲಿನ ಕೆಲಸವಾಗಿತ್ತು. ಅಕ್ಷರಕ್ಕಿಂತ ಮುಖ ಬರೆದದ್ದೇ ಹೆಚ್ಚು. ಇಲ್ಲೂ ಒಂದು ಮುಖವನ್ನೇ ಬರೆಯಲು ಹೊರಟಿದ್ದೇನೆ ಅಂದುಕೊಳ್ಳಿ.

ಅವರ ಹೆಸರು ನನಗೆ ಗೊತ್ತು, ಬರೆಯುವುದಿಲ್ಲ. ತನ್ನ ಸುದ್ದಿ ಬಂದರೆ ಎದ್ದು ಹೋಗಿ ಟೀ ಕೆಟಲ್ ಇಡುತ್ತಿದ್ದ ಹೆಂಗಸು ಅವರು. ಜಪಾನಿನವರು, ಎಪ್ಪತ್ತು ದಾಟಿತ್ತು, ನನ್ನ ಭುಜದಷ್ಟು ಎತ್ತರ. ಬೂದು ಬಣ್ಣದ ಏಪ್ರನ್, ಅದಕ್ಕೆ ಎರಡು ದೊಡ್ಡ ಜೇಬು, ಎರಡು ಕೈಯೂ ಸದಾ ಆ ಜೇಬಿನೊಳಗೆ. ಯಂತ್ರ ಮಾರುವ ಕೆಲಸಕ್ಕೆ ಬಂದ ಗಂಡನ ಜೊತೆ ಶಿಕಾಗೋ ಕಡೆಗೆ ಬಂದವರು. ಗಂಡ ತೀರಿಕೊಂಡ ಮೇಲೆ ಎಲ್ಕ್ ಗ್ರೋವ್ ವಿಲೇಜಿನ ಈ ಅಪಾರ್ಟ್‌ಮೆಂಟಿನಲ್ಲಿ ಒಬ್ಬರೇ ಉಳಿದರು. ಮಗಳು ದೂರದ ಕ್ಯಾಲಿಫೋರ್ನಿಯಾದಲ್ಲಿ. ನಾನು ಅವರನ್ನು ಆಪಾ ಅಂತ ಕರೆಯುತ್ತಿದ್ದೆ. ಅಕ್ಕ ಅಂತ ಅರ್ಥ ಎಂದು ನನ್ನ ಮಗಳ ಕೈಲಿ ಹೇಳಿಸಿದ ಮೇಲೆ ಅವರೂ ನನ್ನನ್ನು ಆಪಾ ಅಂತಲೇ ಕರೆದರು. ಇಬ್ಬರೂ ಅಕ್ಕಂದಿರು, ತಂಗಿ ಯಾರೂ ಇಲ್ಲ.

ನಾನು ಅವರನ್ನು ಮೊದಲು ನೋಡಿದ್ದು ಬೇಸ್ಮೆಂಟಿನ ಲಾಂಡ್ರಿ ರೂಮಿನಲ್ಲಿ. ನಾವು ಡೆಟ್ರಾಯಿಟ್ ಕಡೆಯಿಂದ ಇಲ್ಲಿಗೆ ಬಂದು ಮೂರು ತಿಂಗಳಾಗಿತ್ತು. ಮೂರನೇ ಮಹಡಿಯ ಒಬ್ಬ ಗಂಡಸು, ಬಾಗಿಲಷ್ಟು ಅಗಲದವನು, ಓಡುತ್ತಿದ್ದ ಮೆಷಿನ್ ನಿಲ್ಲಿಸಿ ಬೇರೆಯವರ ಒದ್ದೆ ಬಟ್ಟೆ ಎತ್ತಿ ಹೊರಗೆ ಹಾಕುತ್ತಿದ್ದ. ನಾನು ಗೋಡೆಗೆ ಅಂಟಿಕೊಂಡೆ. ಬಟ್ಟೆಯ ಒಡತಿ ಬಂದರು. ತನ್ನ ಬಟ್ಟೆ ಒಂದೊಂದಾಗಿ ಮೆಷಿನ್ನಿಗೆ ವಾಪಸು ಹಾಕಿ, ಅದರ ಮುಂದೆ ಎರಡು ಕಾಲೂರಿ ನಿಂತು, ಕೈ ಜೇಬಿಗಿಟ್ಟು, ಒಂದೇ ಮಾತು ಹೇಳಿದರು. ಆ ಮೆಷಿನ್ ಇನ್ನು ಹನ್ನೆರಡು ನಿಮಿಷ ತನ್ನದು ಅಂತ, ಅದರ ಅರ್ಥ ನನಗೆ ಆಮೇಲೆ ತಿಳಿಯಿತು. ಅವನು ಕೂಗಾಡಿದ. ಇಂಗ್ಲಿಷ್ ಬಾರದ ನನಗೂ ಅದು ಬೈಗುಳ ಅಂತ ತಿಳಿಯಿತು. ಅವನ ಕೂಗು ಮುಗಿಯುವ ತನಕ ಕಾದು, ಅದೇ ಮಾತನ್ನು, ಅದೇ ದನಿಯಲ್ಲಿ, ಒಂದು ಎಳೆ ಮೇಲೂ ಇಲ್ಲ ಕೆಳಗೂ ಇಲ್ಲ, ಇನ್ನೊಂದು ಸಲ ಹೇಳಿದರು. ಆಮೇಲೆ ಸುಮ್ಮನೆ ಅವನ ಮುಖ ನೋಡುತ್ತ ನಿಂತರು. ಅಷ್ಟು ದೊಡ್ಡ ಆಳು ತನ್ನ ಬುಟ್ಟಿ ಎತ್ತಿಕೊಂಡು ಮೆಟ್ಟಿಲು ಹತ್ತಿದ.

ನಮ್ಮ ಕಡೆ ಜೋರು ಹೆಂಗಸು ಅಂದರೆ ಬೀದಿ ತುದಿಗೆ ಕೇಳಬೇಕು. ದನಿ ಏರಿಸದೆ ಗೆದ್ದವರನ್ನು ನಾನು ಕಂಡಿರಲಿಲ್ಲ.

ಅವರು ಬಟ್ಟೆ ಒಣಗಿಸಲು ಹೋದಾಗ ಬೆಂಚಿನ ಮೇಲೆ ಒಂದು ದಪ್ಪ ಪುಸ್ತಕ ಬಿಟ್ಟಿದ್ದರು. ಚಿತ್ರಗಳ ಪುಸ್ತಕ ಅಂತ ಕಂಡಿತು, ಕೈಗೆತ್ತಿಕೊಂಡೆ. ಕುರಾನ್ ಷರೀಫ್ ತೆರೆದ ಕೈ ನನ್ನದು, ಚಿಕ್ಕಂದಿನಿಂದ ಬಲಗಡೆಯಿಂದಲೇ ತೆರೆದು ರೂಢಿ. ಹಾಗೇ ಬಲಗಡೆಯಿಂದ ತೆರೆದು, ಬಲದಿಂದ ಎಡಕ್ಕೆ ಚಿತ್ರ ನೋಡುತ್ತ ಕೂತೆ. ತಲೆ ಎತ್ತಿದರೆ ಅವರು ನಿಂತು ನೋಡುತ್ತಿದ್ದಾರೆ. ಜೇಬಿನಿಂದ ಕೈ ತೆಗೆದು, ಬಾಯಿ ಮುಚ್ಚಿಕೊಂಡು ನಕ್ಕರು. "ಯು ಓಪನ್ ಕರೆಕ್ಟ್," ಅಂದರು. ಆ ಕಟ್ಟಡದಲ್ಲಿ ಅವರ ಪುಸ್ತಕ ಮುಟ್ಟಿದವರೆಲ್ಲ ಹಿಂದಿನಿಂದ ತೆರೆದು, ಕೊನೆಯ ಪುಟವನ್ನು ಮೊದಲು ನೋಡಿ, ಅರ್ಥವಾಗದೆ ಮುಚ್ಚಿದವರೇ ಅಂತೆ. ಜಪಾನಿನ ಆ ಚಿತ್ರಕಥೆ ಪುಸ್ತಕಕ್ಕೆ ಮಾಂಗಾ ಅನ್ನುತ್ತಾರೆ, ಅದನ್ನು ಬಲದಿಂದಲೇ ಓದಬೇಕು. ನಾಲ್ಕನೇ ಕ್ಲಾಸಿನವಳು ನಾನೊಬ್ಬಳೇ ಸರಿಯಾಗಿ ತೆರೆದವಳು. ಅವತ್ತೇ ಟೀಗೆ ಕರೆದರು.

ಈಗ ಮುನ್ನಿಯ ಸಂಕಟ ಹೇಳಬೇಕು. ಅದಿಲ್ಲದೆ ಆಪಾ ಏನು ಮಾಡಿದರು ಅನ್ನುವುದು ತಿಳಿಯುವುದಿಲ್ಲ.

ಡೆಟ್ರಾಯಿಟ್ ಹತ್ತಿರ ನನ್ನ ಅಳಿಯ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಲೇತ್ ಓಡಿಸುತ್ತಿದ್ದ. ಅಲ್ಲಿ ಕೆಲಸ ಹೋಯಿತು, ಇಲ್ಲಿ ವಿಮಾನಗಳು ತಲೆ ಮೇಲೇ ಹಾರುವ ಶೆಡ್ಡುಗಳ ಸಾಲಿನಲ್ಲಿ ಸ್ಕ್ರೂ ಮಾಡುವ ಕೆಲಸ ಸಿಕ್ಕಿತು ಅಂತ ಬಂದೆವು. ಮುನ್ನಿ ಅಲ್ಲೇ ಒಂದನೇ ಕ್ಲಾಸಿನಲ್ಲಿ ಮಾತು ನಿಲ್ಲಿಸಿದ್ದಳು. ಹೊಸ ಸ್ಕೂಲಿಗೆ ಹೋದರೆ ಸರಿಹೋಗುತ್ತಾಳೆ ಅಂದುಕೊಂಡೆವು. ಸರಿಹೋಗಲಿಲ್ಲ. ಮನೆಯಲ್ಲಿ ನನ್ನ ಹತ್ತಿರ ಪಿಸುಪಿಸು ಆಡುತ್ತಾಳೆ, ಹೊರಗಿನವರು ಬಂದರೆ ತುಟಿ ಹೊಲಿದ ಹಾಗೆ. ಸ್ಕೂಲಿನಲ್ಲಿ ಬಾತ್‌ರೂಮಿಗೆ ಹೋಗಬೇಕು ಅಂತ ಕೇಳಲಾರದೆ ಒದ್ದೆ ಬಟ್ಟೆಯಲ್ಲಿ ಮನೆಗೆ ಬರುತ್ತಿದ್ದಳು. ಇಂಗ್ಲಿಷ್ ಬಾರದ ಮಗು ಅಂದುಕೊಂಡರು ಕೆಲವರು, ಕಿವುಡು ಅಂದುಕೊಂಡರು ಕೆಲವರು.

ಮಾಡದ್ದು ಏನಿಲ್ಲ. ಊರಿನಿಂದ ತಾಯಿತ ತರಿಸಿ ಕಟ್ಟಿದೆವು. ನಾಲಿಗೆ ಮೇಲೆ ಜೇನು ಸವರಿದೆವು. ಚಾಕಲೇಟು ತೋರಿಸಿದೆವು, ಚಾಕಲೇಟು ಕಿತ್ತುಕೊಂಡೆವು. ಅಳಿಯ ದಿನಾ ಬೆಳಿಗ್ಗೆ ಸ್ಕೂಲಿನ ಮುಂದೆ ಕಾರು ನಿಲ್ಲಿಸಿ, ನಿನ್ನ ಹೆಸರು ಹೇಳು, ಬರೀ ಹೆಸರು ಹೇಳು ಅಂತ ಕೂಗುತ್ತಿದ್ದ. ಕೂಗಿ ಕೂಗಿ ಕೊನೆಗೆ ಸ್ಟೀರಿಂಗಿನ ಮೇಲೆ ತಲೆ ಇಟ್ಟು ಅವನೇ ಅಳುತ್ತಿದ್ದ. ನನ್ನ ಮಗಳಿಗೆ ಊಟ ಇಳಿಯುತ್ತಿರಲಿಲ್ಲ. ನಾನು ಏನು ಕಡಿಮೆ. ಒಂದು ದಿನ ಟೀಚರು ಗುಡ್ ಮಾರ್ನಿಂಗ್ ಅಂದಾಗ ಮುನ್ನಿ ನೆಲ ನೋಡುತ್ತ ನಿಂತಳು. ನನಗೆ ಅವಮಾನವೂ ಭಯವೂ ಒಟ್ಟಿಗೆ ನುಗ್ಗಿ ಅವಳ ತೋಳು ಚಿವುಟಿದೆ. ಅವಳು ಕೂಗಿಕೊಳ್ಳಲಿ, ಕೂಗಿದರಾದರೂ ಬಾಯಿ ತೆರೆದೀತು ಅಂತ ಚಿವುಟಿದೆ. ಕೂಗಲಿಲ್ಲ. ನನ್ನನ್ನು ನೋಡಿದಳು ಅಷ್ಟೆ. ಆ ನೀಲಿ ಗುರುತು ಎರಡು ದಿನ ಅವಳ ತೋಳಿನ ಮೇಲಿತ್ತು. ಬೊಂಬೆಗೆ ಕಣ್ಣು ಬರೆದ ಕೈ ಅದು. ಆಗ ಆ ಕೈಯನ್ನು ನಾನು ಎಲ್ಲಿ ಇಡಲಿ.

ಇಂಥ ದಿನಗಳಲ್ಲಿ ಮುನ್ನಿಯನ್ನು ಕರೆದುಕೊಂಡು ಕೆಳಗಿನ ಮನೆಗೆ ಹೋಗಲು ಶುರುಮಾಡಿದೆ. ಬಾಗಿಲಲ್ಲಿ ನಾವು ಬಿಟ್ಟ ಚಪ್ಪಲಿಗಳನ್ನು ಆಪಾ ಬಗ್ಗಿ ತಿರುಗಿಸಿ ಇಡುತ್ತಿದ್ದರು, ಹೋಗುವಾಗ ಸೀದಾ ಕಾಲು ಹಾಕುವ ಹಾಗೆ. ಮನೆಯ ಒಂದು ಗೋಡೆ ಪೂರ್ತಿ ಮಾಂಗಾ. ಮುನ್ನಿಗೆ ಹಲೋ ಅನ್ನಲು ಹೇಳದ, ಹೆಸರೇನು ಅಂತ ಕೇಳದ ಮೊದಲ ದೊಡ್ಡವರು ಅವರೇ. ನಮ್ಮ ಜೊತೆ ಕೂತು, ಒಂದು ಪುಸ್ತಕ ತೆರೆದು, ಚಿತ್ರಗಳ ಮೇಲೆ ಬೆರಳಿಡುತ್ತ, ಮುರುಕು ಇಂಗ್ಲಿಷಿನಲ್ಲಿ ನಿಧಾನವಾಗಿ ಕಥೆ ಹೇಳುತ್ತಿದ್ದರು. ನನಗೆ ಮಾತು ತಿಳಿಯುತ್ತಿರಲಿಲ್ಲ, ಚಿತ್ರ ತಿಳಿಯುತ್ತಿತ್ತು. ಮಾತನ್ನು ಮುನ್ನಿ ಮನೆಗೆ ಬಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದಳು.

ಮುನ್ನಿ ಹಿಡಿದು ಕೂತದ್ದು ಮೂರು ಭಾಗದ ಒಂದು ಕಥೆಯನ್ನು. ಒಂದು ಹಳ್ಳಿ, ಅದಕ್ಕೊಂದು ಕೆರೆ. ನಮ್ಮ ಕಡೆ ಸರದಿ ಪ್ರಕಾರ ಗದ್ದೆಗೆ ನೀರು ಬಿಡುವವನಿಗೆ ನೀರುಗಂಟಿ ಅನ್ನುತ್ತಾರಲ್ಲ, ಅಂಥವನ ಮಗಳು ಒಬ್ಬಳು. ಅಪ್ಪ ಯುದ್ಧಕ್ಕೆ ಹೋಗುವಾಗ ತೂಬಿನ ಹಲಗೆಯನ್ನು ಅವಳ ಕೈಗೆ ಒಪ್ಪಿಸಿ, ಸರದಿ ತಪ್ಪಿಸಬೇಡ ಅಂತ ಹೇಳಿ ಹೋಗುತ್ತಾನೆ. ದೊರೆಯ ಕಡೆಯ ಗಂಡಸರು ಕತ್ತಿ ಹಿಡಿದು ಬಂದು ನಮಗೆ ಮೊದಲು ನೀರು ಬಿಡು ಅನ್ನುತ್ತಾರೆ. ಅವರ ಮಾತಿನ ಗುಳ್ಳೆಗೆ ಸುತ್ತ ಮುಳ್ಳು. ಮುಖದ ತುಂಬ ಗೆರೆಯೋ ಗೆರೆ. ಹುಡುಗಿಯ ಗುಳ್ಳೆ ಮಾತ್ರ ಚಿಕ್ಕದು, ದುಂಡಗೆ, ಒಳಗೆ ಒಂದೇ ಒಂದು ಸಾಲು. ಇವತ್ತು ಸರದಿ ಕೆಳಗಿನ ಊರಿನದು, ಅಷ್ಟೆ. ಆಮೇಲಿನ ಪುಟದಲ್ಲಿ ಮಾತೇ ಇಲ್ಲ. ಒಂದು ಚೌಕದಲ್ಲಿ ಹಲಗೆ ಮೇಲೆ ಊರಿದ ಅವಳ ಕಾಲು, ಒಂದರಲ್ಲಿ ನೀರು, ಒಂದರಲ್ಲಿ ಅವಳ ಕಣ್ಣು. ಮುಖ ಬರೆದು ಬದುಕಿದವಳು ನಾನು, ಹೇಳುತ್ತೇನೆ ಕೇಳಿ. ಸಿಟ್ಟಿನ ಮುಖ ಬರೆಯುವುದು ಸುಲಭ, ಗೆರೆ ಸೇರಿಸುತ್ತ ಹೋದರಾಯಿತು. ಆ ಹುಡುಗಿಯ ಮುಖದಲ್ಲಿ ಎಣಿಸಿದರೆ ಏಳು ಗೆರೆ. ಅದನ್ನು ಬರೆದ ಕೈಗೆ ನಾನು ಮನಸ್ಸಿನಲ್ಲೇ ಸಲಾಂ ಮಾಡಿದೆ.

ಗೋಡೆ ತುಂಬ ಇರುವ ಪುಸ್ತಕಗಳಲ್ಲಿ ಬಹಳಷ್ಟು ಹೀಗೇ ಅಂತ ಆಪಾ ಹೇಳಿದ್ದರಂತೆ. ಕೂಗುವವನು ಮುಂದಿನ ಪುಟದಲ್ಲಿ ಬೀಳುತ್ತಾನೆ. ಮೆಲ್ಲಗೆ ಹೇಳಿ ಅಲ್ಲಾಡದೆ ನಿಂತವರು ಪುಸ್ತಕ ಮುಗಿಯುವ ತನಕ ನಿಂತಿರುತ್ತಾರೆ.

ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ಆ ಕಥೆಯನ್ನು ನನಗೆ ಹೇಳುತ್ತಾ ಮುನ್ನಿ, "ಅವಳ ಅಬ್ಬಾನೂ ಹೇಳಿ ಹೋಗಿದ್ರು ನಾನಿ," ಅಂದಳು.

"ಅವಳ ಅಬ್ಬಾನೂ ಅಂದ್ರೆ? ಇನ್ಯಾರ ಅಬ್ಬಾ ಹೇಳಿದ್ರು?"

"ನನ್ನ ಅಬ್ಬಾ. ಸ್ಕೂಲಲ್ಲಿ ಬಾಯಿ ಬಿಡ್ಬೇಡ ಅಂದ್ರಲ್ಲ. ಯಾರು ಏನು ಕೇಳಿದ್ರೂ."

ನನ್ನ ಕೈಲಿದ್ದ ಲಟ್ಟಣಿಗೆ ಅಲ್ಲೇ ನಿಂತಿತು. ಎರಡು ಸಾವಿರದ ಒಂದನೇ ಇಸವಿಯ ಆ ಸೆಪ್ಟೆಂಬರು. ಟಿವಿಯಲ್ಲಿ ಆ ಕಟ್ಟಡಗಳು ದಿನವಿಡೀ ಬೀಳುತ್ತಿದ್ದವು. ಕಾರ್ಖಾನೆಯಲ್ಲಿ ಅಳಿಯನ ಜೊತೆ ಊಟಕ್ಕೆ ಕೂರುತ್ತಿದ್ದವರು ಬೇರೆ ಟೇಬಲ್ಲಿಗೆ ಹೋಗಿದ್ದರು. ನನ್ನ ಮಗಳು ತಲೆಗೆ ಸ್ಕಾರ್ಫ್ ಕಟ್ಟಿ ಅಂಗಡಿಗೆ ಹೋಗಲು ಹೆದರುತ್ತಿದ್ದಳು. ಆ ವಾರ ಅಳಿಯ ಆರು ವರ್ಷದ ಮಗಳ ಮುಂದೆ ಮೊಣಕಾಲೂರಿ, ಎರಡು ಭುಜ ಹಿಡಿದು ಹೇಳಿದ್ದ. ನಾನೂ ಅಲ್ಲೇ ಇದ್ದೆ. ಯಾರು ಏನು ಕೇಳಿದರೂ ಮಾತಾಡಬೇಡ, ನಾವು ಯಾರು, ಮನೆಯಲ್ಲಿ ಏನು ಮಾಡುತ್ತೇವೆ, ಏನೂ ಹೇಳಬೇಡ, ಬಾಯಿ ಮುಚ್ಚಿಕೊಂಡಿರು ಅಂತ. ನಾನೂ ತಲೆ ಸವರಿ, ಅಬ್ಬಾ ಹೇಳಿದ ಹಾಗೆ ಕೇಳು ಕಂದ ಅಂದಿದ್ದೆ. ಆ ಭಯದ ವಾರ ಕಳೆಯಿತು, ತಿಂಗಳು ಕಳೆಯಿತು, ನಾವು ಮರೆತೆವು. ಇನ್ನು ಮಾತಾಡಬಹುದು ಅಂತ ಮಗುವಿಗೆ ಹೇಳಬೇಕು ಅನ್ನುವುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಹೇಳಿದ ಮಾತು ಕೇಳುವ ಮಗು, ಕೇಳಿಕೊಂಡೇ ಇತ್ತು. ಆ ಮಾತು ಕೇಳಿದ್ದಕ್ಕೇ ನಾವು ಅವಳಿಗೆ ಬೈದೆವು, ನಾನು ಚಿವುಟಿದೆ.

ಸಂಜೆ ಅಳಿಯನಿಗೆ ಹೇಳಿದೆ. ಅವನು ಬೂಟು ಬಿಚ್ಚುತ್ತಿದ್ದವನು ಹಾಗೇ ನೆಲದ ಮೇಲೆ ಕೂತ. ಆಮೇಲೆ ಮುನ್ನಿಯ ಮುಂದೆ ಅವತ್ತಿನ ಹಾಗೇ ಮೊಣಕಾಲೂರಿ, "ಮಾತಾಡು ಬೇಟಾ, ಏನು ಬೇಕಾದ್ರೂ ಮಾತಾಡು, ಅಬ್ಬಾನೇ ಹೇಳ್ತಿದೀನಿ," ಅಂದ. ಮುನ್ನಿ ಹೂಂ ಅಂತ ತಲೆ ಆಡಿಸಿದಳು. ಮಾರನೇ ದಿನ ಸ್ಕೂಲಿಗೆ ಹೋದಳು. ಮಾತು ಬರಲಿಲ್ಲ. ಬೇಡ ಅಂದಾಗ ನಿಂತ ಮಾತು, ಬೇಕು ಅಂದಾಗ ಬರುವುದಿಲ್ಲ ಅಂತ ನಮಗೆ ಆಗ ತಿಳಿಯಿತು. ಅದುವರೆಗೂ ಕಾರಣ ಗೊತ್ತಿಲ್ಲ ಅಂತ ಅಳುತ್ತಿದ್ದೆವು. ಈಗ ಗೊತ್ತಾಗಿ ಅತ್ತೆವು.

ಫೆಬ್ರವರಿಯಲ್ಲಿ ಸ್ಕೂಲಿನಿಂದ ಕಾಗದ ಬಂತು. ಒಳ್ಳೆಯ ಜನವೇ, ಅವರ ಮೇಲೆ ನನಗೆ ಸಿಟ್ಟಿಲ್ಲ. ಮುಂದಿನ ವರ್ಷದಿಂದ ಇವಳನ್ನು ಮಾತು ಬಾರದ ಮಕ್ಕಳ ಬೇರೆ ಸ್ಕೂಲಿಗೆ, ಬಸ್ಸಿನಲ್ಲಿ ದೂರ ಕಳಿಸುವ ಯೋಚನೆ ಇದೆ, ಮೇ ತಿಂಗಳಲ್ಲಿ ಮೀಟಿಂಗ್ ಮಾಡಿ ತೀರ್ಮಾನ ಮಾಡೋಣ ಅಂತ ಬರೆದಿದ್ದರು. ಅಳಿಯ ಆ ಕಾಗದವನ್ನು ಮಡಿಸಿ ಬಿಚ್ಚಿ ಮಡಿಸಿ, ಅಲ್ಲಿಗೆ ಹೋದರೆ ಹುಡುಗಿ ಅಲ್ಲೇ ಉಳಿದುಬಿಡುತ್ತಾಳೆ, ಹಾಗೆ ಆಗುವುದಾದರೆ ನಾನಿಯ ಜೊತೆ ಚನ್ನಪಟ್ಟಣಕ್ಕೆ ಕಳಿಸುತ್ತೇನೆ ಅಂದ. ಊರಿನಲ್ಲಿ ಎಲ್ಲರೂ ನಮ್ಮವರು, ಅಲ್ಲಿ ಬಾಯಿ ಬಿಟ್ಟಾಳು ಅಂತ ಅವನ ಲೆಕ್ಕ. ನನ್ನ ಮಗಳು ಮುನ್ನಿಯ ಬಟ್ಟೆ ಇರುವ ಬೀರುವಿನ ಮುಂದೆ ನಿಂತುಬಿಟ್ಟಳು. ತಾಯಿಯಿಂದ ಮಗುವನ್ನು ಕಿತ್ತು ಏಳು ಸಮುದ್ರ ದಾಟಿಸುವ ಕೆಲಸ ನನ್ನ ಪಾಲಿಗೆ ಬರುವುದಿತ್ತು. ಆ ದಿನಗಳಲ್ಲಿ ನಮಾಜಿನಲ್ಲಿ ಬಗ್ಗಿದರೆ ಏಳಲು ಮನಸ್ಸಾಗುತ್ತಿರಲಿಲ್ಲ.

ಮೀಟಿಂಗಿನ ಸುದ್ದಿಯನ್ನು ಮಗಳು ಆಪಾಗೆ ತಿಳಿಸಿದಳು. ಅವರು ಮುನ್ನಿಯನ್ನು ನೋಡಿ, ಪುಸ್ತಕದ ಹುಡುಗಿಯ ಕಾಲಿನ ಚಿತ್ರ ತೆಗೆದು, "ಫಸ್ಟ್, ಫೀಟ್. ದೆನ್, ಐಸ್. ಮೌತ್, ಲಾಸ್ಟ್," ಅಂದರು. ಮೊದಲು ಕಾಲು. ಆಮೇಲೆ ಕಣ್ಣು. ಬಾಯಿ ಕೊನೆಗೆ. ನಾವೆಲ್ಲ ಅದುವರೆಗೆ ಅವಳ ಬಾಯಿಯನ್ನೇ ಹಿಡಿದು ಎಳೆದಿದ್ದೆವು. ಆ ದಿನದಿಂದ ಮುನ್ನಿ ಅವರ ಕಾರ್ಪೆಟ್ಟಿನ ಮೇಲೆ ಬರೀ ನಿಲ್ಲುತ್ತಿದ್ದಳು. ಆಪಾ ಎದುರು ನಿಲ್ಲುತ್ತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಲ್ಲುವುದು, ಅಷ್ಟೇ ಪಾಠ. ನೋಡುವುದಕ್ಕೆ ನನಗೇ ಬೇಸರ ಬರುತ್ತಿತ್ತು.

ಅವರ ಮನೆಯಲ್ಲಿ ಟೀ ಜೊತೆ ಒಂದು ಉಪ್ಪಿನಕಾಯಿ ಹಣ್ಣು ಕೊಡುತ್ತಿದ್ದರು, ಕೆಂಪಗೆ, ಸುಕ್ಕು ಸುಕ್ಕು. ಹುಣಸೆಹಣ್ಣಿನ ಅಪ್ಪನಷ್ಟು ಹುಳಿ. ಮುನ್ನಿಗೆ ಅದು ಆಗದು. ತಲೆ ಅಡ್ಡಡ್ಡ ಆಡಿಸುತ್ತಿದ್ದಳು. ಎಲ್ಲವನ್ನೂ ಗಮನಿಸುವ ಆಪಾ ಅದನ್ನು ಮಾತ್ರ ಕಾಣದವರ ಹಾಗೆ ತಟ್ಟೆ ಮುಂದಿಟ್ಟು ಟೀ ಬಗ್ಗಿಸುತ್ತ ಕೂರುತ್ತಿದ್ದರು. ಪಾಪದ ಕೂಸು ಮುಖ ಕಿವುಚಿಕೊಂಡು ತಿನ್ನುತ್ತಿತ್ತು. ಒಂದು ದಿನ ತಟ್ಟೆ ಬಂತು. ಮುನ್ನಿ ಎದ್ದು ನಿಂತಳು. ಕಾಲೂರಿದಳು. ಅವರ ಕಣ್ಣನ್ನು ನೋಡಿದಳು.

"ನೋ, ಥ್ಯಾಂಕ್ ಯು."

ನೊಣದ ರೆಕ್ಕೆಯಷ್ಟು ದನಿ. ಆದರೂ ದನಿ. ಹೊರಗಿನವರ ಮನೆಯಲ್ಲಿ, ಹೊರಗಿನವರಿಗೆ. ನಾನು ಎದ್ದು ಅವಳನ್ನು ತಬ್ಬಿಕೊಳ್ಳಲು ಹೋದರೆ ಆಪಾ ಒಂದು ಬೆರಳೆತ್ತಿ ನನ್ನನ್ನು ತಡೆದರು. ಏನೂ ಆಗದವರ ಹಾಗೆ ತಲೆಬಾಗಿ, ತಟ್ಟೆ ತೆಗೆದುಕೊಂಡು ಒಳಗೆ ಹೋದರು. ನನಗೆ ಸಿಟ್ಟೇ ಬಂತು. ಆಮೇಲೆ ತಿಳಿಯಿತು. ಮಗುವಿಗೆ ಬೇಕಿದ್ದದ್ದು ನನ್ನ ಅಪ್ಪುಗೆಯಲ್ಲ. ತಾನು ಬೇಡ ಅಂದರೆ ತಟ್ಟೆ ನಿಜಕ್ಕೂ ವಾಪಸು ಹೋಗುತ್ತದೆ ಅನ್ನುವುದನ್ನು ಅದು ನೋಡಬೇಕಿತ್ತು.

ಈ ವಿಷಯದಲ್ಲಿ ನನಗೂ ಅವರಿಗೂ ಹಿಂದೆ ಒಂದು ಜಗಳ ಆಗಿತ್ತು. ಜಗಳ ಆಡಿದವಳು ನಾನೊಬ್ಬಳೇ. ಈದ್ ದಿನ ಬಿರಿಯಾನಿ ತೆಗೆದುಕೊಂಡು ಹೋಗಿದ್ದೆ. ಎರಡು ತುತ್ತು ತಿಂದು, ಖಾರ, ಸಾಕು ಅಂದರು. ನಮ್ಮಲ್ಲಿ ಸಾಕು ಅಂದರೆ ಇನ್ನೊಂದು ಚಮಚ ಹಾಕು ಅಂತ ಅರ್ಥ. ಮೂರು ಸಲ ಬಲವಂತ ಮಾಡದೆ ಬಿಟ್ಟರೆ ಬಂದವರಿಗೆ ಅವಮಾನ. ನಾನು ಹಾಕಲು ಹೋದೆ, ಅವರು ತಟ್ಟೆಯ ಮೇಲೆ ಅಂಗೈ ಅಡ್ಡ ಇಟ್ಟು ಅದೇ ದನಿಯಲ್ಲಿ ಬೇಡ ಅಂದರು. ಮತ್ತೆ ಹೋದೆ, ಮತ್ತೆ ಅದೇ ಅಂಗೈ. ಮುಖ ಉಬ್ಬಿಸಿಕೊಂಡು ಮನೆಗೆ ಬಂದವಳು ಒಂದು ವಾರ ಕೆಳಗಿಳಿಯಲಿಲ್ಲ. ಎಂಥ ಕಲ್ಲು ಮನಸ್ಸು ಅಂತ ಮಗಳ ಹತ್ತಿರ ಅಂದುಕೊಂಡೆ. ನಮ್ಮ ಮನೆಯಲ್ಲಿ ಯಾರ ಬೇಡವನ್ನೂ ಯಾರೂ ಯಾವತ್ತೂ ಕೇಳಿಸಿಕೊಂಡದ್ದಿಲ್ಲ. ಅದನ್ನೇ ನಾವು ಪ್ರೀತಿ ಅಂತ ಕರೆಯುತ್ತಿದ್ದೆವು.

ಕಲ್ಲು ಅಲ್ಲ ಅನ್ನುವುದು ಒಂದು ದಿನ ಅವರ ಅಡುಗೆಮನೆಯಲ್ಲಿ ಗೊತ್ತಾಯಿತು. ಫ್ರಿಜ್ಜಿನ ಬಾಗಿಲ ಮೇಲೆ ಸಣ್ಣ ಸಣ್ಣ ಚೀಟಿ ಅಂಟಿಸಿದ್ದರು. ಏನವು ಅಂತ ಮುನ್ನಿಯನ್ನು ಮನೆಗೆ ಬಂದ ಮೇಲೆ ಕೇಳಿದೆ. ಈ ಮೆಷಿನ್ ಇನ್ನು ಹನ್ನೆರಡು ನಿಮಿಷ ನನ್ನದು. ನನ್ನ ಮನೆ ಐವತ್ತೆಂಟು ಡಿಗ್ರಿ ಇದೆ, ಸರಿಮಾಡುವ ತನಕ ಇಲ್ಲೇ ಕೂರುತ್ತೇನೆ. ಐವತ್ತೆಂಟು ಅಂದರೆ ಈ ದೇಶದ ಲೆಕ್ಕದಲ್ಲಿ ಮೈ ಕೊರೆಯುವ ಚಳಿ. ಎಲ್ಲ ಅಂಥ ಮಾತುಗಳೇ. ಎರಡನೆಯದನ್ನು ಅವರು ಚಳಿಗಾಲದಲ್ಲಿ ಮ್ಯಾನೇಜರ್ ಆಫೀಸಿನಲ್ಲಿ ಹೇಳಿ, ಒಂದು ಮಾಂಗಾ ಓದುತ್ತ ಮಧ್ಯಾಹ್ನವೆಲ್ಲ ಅಲ್ಲೇ ಕೂತು, ಮ್ಯಾನೇಜರಿಗೂ ಫ್ಲಾಸ್ಕಿನಿಂದ ಟೀ ಕೊಟ್ಟು, ಇಡೀ ಕಟ್ಟಡಕ್ಕೆ ಹೀಟರ್ ಬರಿಸಿದ್ದು ನಮಗೆಲ್ಲ ಗೊತ್ತಿತ್ತು. ಆ ಮಾತನ್ನು ಮೊದಲೇ ಬರೆದುಕೊಂಡು, ಬಾತ್‌ರೂಮಿನ ಕನ್ನಡಿ ಮುಂದೆ ಇಪ್ಪತ್ತು ಸಲ ಹೇಳಿ ಹೋಗುತ್ತಿದ್ದರು ಅನ್ನುವುದು ಗೊತ್ತಿರಲಿಲ್ಲ. ಈ ದೇಶಕ್ಕೆ ಹೊಸದಾಗಿ ಬಂದಾಗ ಅಂಗಡಿಯಲ್ಲಿ ಬಾಯಿ ತೆರೆಯಲಾರದೆ ಬಾತ್‌ರೂಮಿಗೆ ಹೋಗಿ ಅಳುತ್ತಿದ್ದವರಂತೆ. ಊರಿನಿಂದ ತಂದ ಮಾಂಗಾಗಳನ್ನು ನೋಡಿ ನೋಡಿ ನಿಲ್ಲುವುದನ್ನು ಕಲಿತರಂತೆ. ಧೈರ್ಯ ಅಲ್ಲ ಇದು, ಪ್ರಾಕ್ಟೀಸ್ ಅಂತ ಮುನ್ನಿಗೆ ಹೇಳಿದರು. ಜೇಬಿನಿಂದ ಕೈ ಹೊರತೆಗೆದು ತೋರಿಸಿದರು. ಎರಡೂ ಕೈ ನಡುಗುತ್ತಿದ್ದವು. ಬೇಡ ಅನ್ನುವಾಗಲೆಲ್ಲ ಅವರ ಕೈ ನಡುಗುತ್ತಿತ್ತು. ಅದಕ್ಕೇ ಅಷ್ಟು ದೊಡ್ಡ ಜೇಬು.

ಅದಾದ ಮೇಲೆ ಮುನ್ನಿ ಆ ಪುಸ್ತಕದ ಮೂರನೇ ಭಾಗ ತೆಗೆದು ನನಗೊಂದು ಚೌಕ ತೋರಿಸಿದಳು. ನಾನು ಹತ್ತು ಸಲ ನೋಡಿಯೂ ಕಾಣದಿದ್ದದ್ದು. ಕತ್ತಿಯವರ ಎದುರು ನಿಂತ ಹುಡುಗಿಯನ್ನು ಹಿಂದಿನಿಂದ ಬರೆದಿದ್ದರು. ಬೆನ್ನ ಹಿಂದೆ ಅವಳ ಕೈ ತೂಬಿನ ಹಗ್ಗವನ್ನು ಬಿಳಿಚಿಕೊಳ್ಳುವಷ್ಟು ಬಿಗಿಯಾಗಿ ಹಿಡಿದಿತ್ತು.

ಮಾರ್ಚ್ ಎರಡನೇ ವಾರ ಆಪಾ ಬಾಗಿಲು ತೆಗೆಯಲಿಲ್ಲ. ಹಿಮ ಬಿದ್ದಿತ್ತು. ಆಂಬುಲೆನ್ಸ್ ಬಂದು ಹೋಯಿತು. ಎದೆಯ ಕಾಯಿಲೆ ಮೊದಲೇ ಇತ್ತಂತೆ, ನಮಗೆ ಹೇಳಿರಲಿಲ್ಲ. ಆಸ್ಪತ್ರೆಯಿಂದ ಬರಲಿಲ್ಲ. ಅವರ ಮಗಳು ಬಂದು ಗೋಡೆಯನ್ನು ಖಾಲಿ ಮಾಡಿ ಪೆಟ್ಟಿಗೆಗಳಿಗೆ ತುಂಬಿದರು. ಹೋಗುವ ಮುಂಚೆ ಮೆಟ್ಟಿಲು ಹತ್ತಿ ಬಂದು ಆ ಮೂರು ಪುಸ್ತಕಗಳನ್ನು ಮುನ್ನಿಯ ಕೈಗಿಟ್ಟರು. ಮುನ್ನಿ ಅಳಲಿಲ್ಲ. ಅವತ್ತಿನಿಂದ ನನ್ನ ಹತ್ತಿರದ ಪಿಸುಮಾತೂ ನಿಂತಿತು. ಇದ್ದ ಒಂದು ಎಳೆಯೂ ಕಡಿಯಿತು ಅಂದುಕೊಂಡೆ. ಹನ್ನೊಂದು ದಿನ ಇಡೀ ಮನೆಯಲ್ಲಿ ಯಾರೂ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಅಳಿಯ ಟಿಕೆಟ್ ವಿಚಾರಿಸಿದ. ನಾನು ಸೂಟ್‌ಕೇಸ್ ಇಳಿಸಿ ಒರೆಸಿಟ್ಟೆ. ಹನ್ನೆರಡನೇ ದಿನ ಬಾತ್‌ರೂಮಿನ ಬಾಗಿಲ ಹೊರಗೆ ನಿಂತಿದ್ದೆ, ಒಳಗೆ ಏನೋ ಸದ್ದು. ಕಿವಿಯಿಟ್ಟೆ. ಮುನ್ನಿ ಅದೇ ಒಂದು ಮಾತನ್ನು ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದಳು. ಏನಂತ ಪೂರ್ತಿ ಕೇಳಿಸಲಿಲ್ಲ. ನಾನು ಬಾಗಿಲು ತಟ್ಟಲಿಲ್ಲ, ಯಾರಿಗೂ ಹೇಳಲಿಲ್ಲ. ಆಪಾ ಎತ್ತಿದ್ದ ಬೆರಳು ನನ್ನ ಕಣ್ಣ ಮುಂದಿತ್ತು.

ಇವತ್ತು ಬೆಳಿಗ್ಗೆ ಮೀಟಿಂಗಿಗೆ ಹೊರಡುವಾಗ ಪುಸ್ತಕ ತಗೊಂಡು ಹೋಗ್ತೀಯಾ ಅಂತ ಕೇಳಿದೆ. ತಲೆ ಅಡ್ಡ ಆಡಿಸಿದಳು. ಎರಡು ಜೇಬಿರುವ ಫ್ರಾಕು ಮಾತ್ರ ತಾನೇ ಹುಡುಕಿ ಹಾಕಿಕೊಂಡಳು.

ಸ್ಕೂಲಿನಲ್ಲಿ ಹೆಡ್ ಮಿಸ್ಟ್ರೆಸ್, ಕ್ಲಾಸ್ ಟೀಚರ್, ಮಕ್ಕಳ ಮನಸ್ಸು ನೋಡುವ ಡಾಕ್ಟರಮ್ಮ, ಮೇಲಿನ ಆಫೀಸಿನಿಂದ ಬಂದ ಒಬ್ಬ ಗಂಡಸು. ಅವರು ಕಾಗದ ನೋಡುತ್ತ ಹೇಳುತ್ತಿದ್ದರು, ಮಗಳು ನನ್ನ ಕಿವಿಯಲ್ಲಿ ಕನ್ನಡ ಮಾಡುತ್ತಿದ್ದಳು. ಆಮೇಲೆ ಕನ್ನಡ ಮಾಡುವುದನ್ನೂ ನಿಲ್ಲಿಸಿದಳು. ಬೇರೆ ಸ್ಕೂಲೇ ಸರಿ ಅನ್ನುವ ಕಡೆಗೆ ಮಾತು ಹೋಗುತ್ತಿದೆ ಅಂತ ಅವಳ ಮುಖ ನೋಡಿಯೇ ತಿಳಿಯಿತು. ಅಳಿಯನ ದನಿ ಏರಿತು. ಮೇಜು ಕುಟ್ಟಿದ. ಅವರ ದನಿಯೂ ಏರಿತು. ಎಲ್ಲರ ಮಾತಿಗೂ ಮುಳ್ಳು ಬಂತು.

ಮುನ್ನಿ ಎದ್ದಳು. ಕುರ್ಚಿಯನ್ನು ಮೇಜಿನೊಳಕ್ಕೆ ತಳ್ಳಿದಳು. ಎರಡು ಕಾಲೂರಿದಳು. ಮೇಲಿನ ಆಫೀಸಿನವನ ಕಣ್ಣನ್ನೇ ನೋಡಿದಳು. ಅವನು ಮಾತು ನಿಲ್ಲಿಸಿದ.

"ಐ ವಿಲ್ ಸ್ಟೇ ಹಿಯರ್."

ನಾನು ಇಲ್ಲೇ ಇರುತ್ತೇನೆ. ಇಷ್ಟು ಇಂಗ್ಲಿಷು ನನಗೂ ಬರುತ್ತದೆ. ಆ ಮನುಷ್ಯ ಒಳ್ಳೆಯವನೇ, ಬಗ್ಗಿ ನಯವಾಗಿ ಏನೋ ಅಂದ. ಆಮೇಲೆ ಮಾತಾಡೋಣ ಪುಟ್ಟಿ ಅಂದನಂತೆ. ಮುನ್ನಿ ಅವನ ಮಾತು ಮುಗಿಯುವ ತನಕ ಕಾದಳು. ಮತ್ತೆ ಹೇಳಿದಳು. ಅದೇ ಮಾತು, ಅದೇ ದನಿ, ಒಂದು ಎಳೆ ಮೇಲಿಲ್ಲ, ಕೆಳಗಿಲ್ಲ. ನನಗೆ ಲಾಂಡ್ರಿ ರೂಮು ಕಂಡಿತು. ಆಮೇಲೆ ಯಾರೂ ಮಾತಾಡಲಿಲ್ಲ, ಪುಸ್ತಕದ ಮಾತಿಲ್ಲದ ಆ ಪುಟದ ಹಾಗೆ. ನಾನು ಮಾತ್ರ ಪಕ್ಕದಿಂದ ನೋಡುತ್ತಿದ್ದೆ. ಫ್ರಾಕಿನ ಎರಡೂ ಜೇಬು ಒಳಗೆ ಹಕ್ಕಿ ಸಿಕ್ಕಿಕೊಂಡ ಹಾಗೆ ಅದುರುತ್ತಿದ್ದವು.

ಮೊದಲು ಕ್ಲಾಸ್ ಟೀಚರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಡಾಕ್ಟರಮ್ಮ ಆ ಮನುಷ್ಯನ ಮುಂದಿದ್ದ ಕಾಗದವನ್ನು ತನ್ನ ಕಡೆ ಎಳೆದುಕೊಂಡು ಏನೋ ಹೊಡೆದು ಹಾಕಿದರು. ಇದೇ ಸ್ಕೂಲು, ವಾರಕ್ಕೆ ಎರಡು ಸಲ ಮಾತಿನ ಟೀಚರು ಬಂದು ಕೂರುತ್ತಾರೆ ಅಂತ ತೀರ್ಮಾನ ಆಯಿತು. ಅಳಿಯ ಕಾರು ಹೊರಡಿಸಿದ. ಸಿಗ್ನಲ್ಲಿನಲ್ಲಿ ನಿಂತಾಗ, "ಅಬ್ಬಾ ಇನ್ಮೇಲೆ ಕೂಗಲ್ಲ," ಅಂತ ಕನ್ನಡಿಯಲ್ಲಿ ನೋಡಿ ಹೇಳಿದ. ಕೂಗದೆ ಇರುತ್ತಾನೋ ಇಲ್ಲವೋ, ನೋಡೋಣ.

ಸಂಜೆ ಕಾರ್ಪೆಟ್ಟಿನ ಮೇಲೆ ಊಟದ ಬಟ್ಟೆ ದಸ್ತರ್‌ಖಾನ್ ಹಾಸಿ ನಾಲ್ಕೂ ಜನ ಕೂತೆವು. ಬಿರಿಯಾನಿ, ದಾಲ್ಚಾ, ಈರುಳ್ಳಿ ಮೊಸರು. ನನ್ನ ಮಗಳು ಎಷ್ಟೋ ತಿಂಗಳ ಮೇಲೆ ಎರಡನೇ ಸಲ ಬಡಿಸಿಕೊಂಡಳು. ಅವಳ ಬೆರಳು ತಟ್ಟೆಯಲ್ಲಿ ಓಡುವುದನ್ನು ನೋಡುತ್ತಾ ನಾನು ದೊಡ್ಡ ಚಮಚ ತುಂಬಿ ಮುನ್ನಿಯ ಕಡೆ ಹಿಡಿದೆ. ಇವತ್ತಲ್ಲದೆ ಇನ್ಯಾವತ್ತು ತಿನ್ನುತ್ತಾಳೆ.

"ಸಾಕು ನಾನಿ."

ಪಿಸುಮಾತಲ್ಲ, ಎಲ್ಲರಿಗೂ ಕೇಳಿಸಿತು. ನನ್ನ ಕೈ ಮಾತ್ರ ಹಳೆಯ ಕೈ, ಕಿವಿಯ ಮಾತು ಕೇಳದು, ಚಮಚ ಹಿಡಿದು ಮುಂದಕ್ಕೇ ಹೋಯಿತು. ಇಷ್ಟೇ ಇಷ್ಟು, ನಾನಿಗೋಸ್ಕರ ಅಂದೆ. ಮುನ್ನಿ ತಟ್ಟೆಯ ಮೇಲೆ ಅಂಗೈ ಅಡ್ಡ ಇಟ್ಟು ನನ್ನ ಕಣ್ಣು ನೋಡಿದಳು.

"ಸಾಕು ನಾನಿ."

ಅಳಿಯ ಅಗಿಯುವುದನ್ನು ನಿಲ್ಲಿಸಿದ. ಮಗಳು ನನ್ನನ್ನು ನೋಡಿದಳು. ಬಡಿಸಲು ಮುಂದೆ ಹೋದ ಚಮಚವನ್ನು ಈ ಐವತ್ತು ವರ್ಷದಲ್ಲಿ ನಾನು ಖಾಲಿಯಾಗದೆ ಹಿಂದಕ್ಕೆ ತಂದವಳಲ್ಲ. ತಂದೆ. ಅನ್ನವನ್ನು ಪಾತ್ರೆಗೇ ಸುರಿದೆ. "ಅಮ್ಮಿ, ಅದನ್ನ ನನಗೆ ಹಾಕಿ," ಅಂತ ಅಳಿಯ ತಟ್ಟೆ ಮುಂದೆ ತಳ್ಳಿದ. ಅವನಿಗೆ ಬಡಿಸುತ್ತಾ ಮುನ್ನಿಯ ತಟ್ಟೆಯ ಕಡೆ ಓರೆಗಣ್ಣಿನಲ್ಲಿ ನೋಡಿದೆ. ಪುಟ್ಟ ಅಂಗೈ ಇನ್ನೂ ಅಡ್ಡ ಇತ್ತು, ನನ್ನನ್ನು ಪೂರ್ತಿ ನಂಬದೆ. ನಡುಗುತ್ತಿರಲಿಲ್ಲ.